ಪಾಕೀಟೂ ಹೋಯಿತು, ರೊಕ್ಕವೂ ಹೊಳ್ಳಿ ಹೋಯಿತು

"ಅಪ್ಪಾ, ನಮ್ಮ ಖಾತೆ ಮೈನಸ್ ತೋರಿಸಲಿಕತ್ತದ" ಎಂದು ಮಗ ಮೊಬೈಲ್ ಮುಂದೆ ಹಿಡಿದಾಗ ನಾನು ಸೋಯಾಬೀನ್ ಬಿತ್ತನೆಯ ತಯಾರಿಯಲ್ಲಿದ್ದೆ. ಮಾಲು ಕೊಟ್ಟವರು ನಾವು, ಬಾಕಿ ತೋರಿಸುವವರೂ ನಾವೇ! ಇದ್ಯಾವ ಲೆಕ್ಕ ಎಂದು ತಿಳಿಯಲಿಲ್ಲ. ತಿಳಿದುಕೊಳ್ಳಲು ಒಂದು ಹಂಗಾಮು ಹಿಡಿಯಿತು. ಆ ಅನುಭವವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಭಾಲ್ಕಿ ತಾಲೂಕಿನ ಮೆಹಕರ. ಮಹಾರಾಷ್ಟ್ರದ ಗಡಿ ಹತ್ತಿರ. ಆರು ಎಕರೆ ಮಳೆಯಾಶ್ರಿತ ಹೊಲದಲ್ಲಿ ಸೋಯಾಬೀನ್, ಉದ್ದು, ಹೆಸರು, ತೊಗರಿ ಬೆಳೆಯುತ್ತೇವೆ. ತೊಗರಿಯನ್ನು ಭಾಲ್ಕಿ ಅಥವಾ ಉದಗೀರಿನ ಅಡತಿ ಅಂಗಡಿಗೆ ಹಾಕುವುದು ವಾಡಿಕೆ. 2025ರ ಆರಂಭದಲ್ಲಿ ತೊಗರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 7550 ರೂಪಾಯಿ ಇತ್ತು. ನಮ್ಮ ಕೈಗೆ ಸಿಕ್ಕಿದ್ದು ಅದರ ಆಸುಪಾಸು, 7500. ಅದೇ ಹೊತ್ತಿಗೆ ಬೆಂಗಳೂರಿನಲ್ಲಿರುವ ನಮ್ಮ ಅಳಿಯ "ಮಾವಾ, ಇಲ್ಲಿ ಪಾಲಿಶ್ ಇಲ್ಲದ ಬೇಳೆ ಕಿಲೋಕ್ಕೆ ಇನ್ನೂರು ದಾಟಿ ಮಾರ್ತಾರ್ರಿ" ಎಂದ. ಆಸೆ ಹುಟ್ಟಿತು.

ಎರಡು ಕ್ವಿಂಟಲ್ ತೊಗರಿಯನ್ನು ಸಣ್ಣ ದಾಲ್ ಮಿಲ್ಲಿನಲ್ಲಿ ಒಡೆಸಿದೆವು. ಕ್ವಿಂಟಲಿಗೆ 70 ಕಿಲೋ ಬೇಳೆ ಸಿಕ್ಕಿತು. ಆಹಾರ ಸುರಕ್ಷತೆಯ 14 ಅಂಕಿಯ ನೋಂದಣಿ ಸಂಖ್ಯೆ ಪಡೆದೆವು. ಪಾಕೀಟಿನ ಮೇಲೆ ಹೆಸರು, ವಿಳಾಸ, ನಿವ್ವಳ ತೂಕ, ತುಂಬಿದ ತಿಂಗಳು, ಗರಿಷ್ಠ ಬೆಲೆ, ದೂರಿಗೆ ಫೋನ್ ನಂಬರ್ ಎಲ್ಲಾ ಅಚ್ಚು ಹಾಕಿಸಿ, ಮಗ ಒಂದು ಆನ್‌ಲೈನ್ ಮಾರಾಟ ತಾಣದಲ್ಲಿ ಅಂಗಡಿ ತೆರೆದ.

ಉದಗೀರ ದೂರ, ಬೆಂಗಳೂರು ಹತ್ತಿರ

ಮೊದಲ ಪಾಠ ಜಿ.ಎಸ್.ಟಿ.ಯದು. 2022ರ ಜುಲೈ 18ರಿಂದ 25 ಕಿಲೋದವರೆಗಿನ, ಲೇಬಲ್ ಹಚ್ಚಿದ ಬೇಳೆ ಪಾಕೀಟಿಗೆ ಶೇ. 5 ತೆರಿಗೆ ಇದೆ. ಆನ್‌ಲೈನ್‌ನಲ್ಲಿ ಮಾರುವ ಸಣ್ಣವರೂ ಮೊದಲು ನೋಂದಣಿ ಮಾಡಿಸಲೇಬೇಕಿತ್ತು. 2023ರ ಅಕ್ಟೋಬರ್ 1ರಿಂದ ಒಂದು ಸಡಿಲಿಕೆ ಬಂದಿದೆ. ವಹಿವಾಟು ಮಿತಿಯೊಳಗಿದ್ದು, ರಾಜ್ಯದೊಳಗೆ ಮಾತ್ರ ಮಾರುವುದಾದರೆ ಪೂರ್ತಿ ನೋಂದಣಿ ಬೇಡ, ಜಿ.ಎಸ್.ಟಿ. ತಾಣದಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು.

ನಾವು ಹಾಗೇ ಮಾಡಿದೆವು. ತಮಾಷೆ ನೋಡಿ, ಸಂತೆಗೆ ಹೋಗಿ ಬರುವ ಉದಗೀರಿಗೆ ಪಾಕೀಟು ಕಳಿಸುವಂತಿಲ್ಲ, ಅದು ಬೇರೆ ರಾಜ್ಯ. ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೆ ಕಳಿಸಬಹುದು! ಗಡಿ ಊರಿನವರು ಇದನ್ನು ಮೊದಲೇ ತಿಳಿದಿರಬೇಕು.

ಪಟ್ಟಿ ನೋಡಿದರೆ ಎದೆ ಝಲ್

ಅಡತಿ ಅಂಗಡಿಯ ಪಟ್ಟಿಯಲ್ಲಿ ಹಮಾಲಿ, ತೂಕದ ಕೂಲಿ ಕಣ್ಣಿಗೆ ಕಾಣುತ್ತವೆ. ಆನ್‌ಲೈನ್ ಪಟ್ಟಿಯನ್ನು ಬಿಡಿಸಿ ಓದಬೇಕು. ಮೊದಲಿಗೆ ನಾವು ಒಂದು ಕಿಲೋ ಪಾಕೀಟನ್ನು 240 ರೂಪಾಯಿಗೆ ಇಟ್ಟಿದ್ದೆವು. ಅದರ ಕಡಿತ ಹೀಗಿತ್ತು:

ಕಮಿಷನ್ ಶೇ. 8ರಂತೆ 19.20
ಪ್ರತಿ ಆರ್ಡರಿಗೆ ನಿಗದಿ ಶುಲ್ಕ 12.00
ಸಾಗಣೆ 62.00
ಈ ಮೂರರ ಮೇಲೆ ಶೇ. 18 ಜಿ.ಎಸ್.ಟಿ. 16.78
ಒಟ್ಟು ಕಡಿತ 109.98

ಕೈಗೆ ಬಂದದ್ದು 130 ರೂಪಾಯಿ. ಖರ್ಚು? ಒಂದು ಕಿಲೋ ಬೇಳೆಗೆ ಬೇಕಾದ ತೊಗರಿಗೆ ಪೇಟೆ ದರದಲ್ಲಿ 107, ಒಡೆಸಿದ ಕೂಲಿ 8, ಚೀಲ, ಡಬ್ಬಿ, ಲೇಬಲ್ 13. ಒಟ್ಟು 128. ಉಳಿದದ್ದು ಎರಡು ರೂಪಾಯಿ! ಮನೆಯಾಕೆ ಬೇಳೆ ಹಸನು ಮಾಡಿದ ಕೂಲಿ ಇದರಲ್ಲಿ ಸೇರಿಲ್ಲ.

"ಎರಡು ರೂಪಾಯಿ ಸಲುವಾಗಿ ಇಷ್ಟ್ಯಾಕ ಒದ್ದಾಡ್ತೀರಿ?" ಎಂದು ಆಕೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಆಮೇಲೆ ಐದು ಕಿಲೋ ಚೀಲ ಮಾಡಿ 1050ಕ್ಕೆ ಇಟ್ಟೆವು. ಕಮಿಷನ್ 84, ನಿಗದಿ ಶುಲ್ಕ 30, ಸಾಗಣೆ 150, ಮೇಲೆ ಜಿ.ಎಸ್.ಟಿ. 47.52. ಎಲ್ಲಾ ಕಳೆದು 738 ಬಂತು. ಖರ್ಚು 606. ಉಳಿದದ್ದು 132 ರೂಪಾಯಿ, ಅಂದರೆ ಕಿಲೋಗೆ 26. ಗ್ರಾಹಕನಿಗೂ ಕಿಲೋಗೆ 30 ರೂಪಾಯಿ ಅಗ್ಗ. ಹಗುರ ಪಾಕೀಟಿನಲ್ಲಿ ಲಾಭವೆಲ್ಲ ಸಾಗಣೆಗೆ ಹೋಗುತ್ತದೆ, ಇದು ಎರಡನೇ ಪಾಠ.

"ಶೂನ್ಯ ಕಮಿಷನ್" ಎಂಬ ಮಾತು ಈಗ ಬಹಳ ಕೇಳುತ್ತೇವೆ. ಮೀಶೋ 2021ರಲ್ಲಿ ಮಾರಾಟಗಾರರಿಂದ ಕಮಿಷನ್ ತೆಗೆದುಕೊಳ್ಳುವುದಿಲ್ಲ ಎಂದು ಸಾರಿತು. ಅಮೆಜಾನ್ 2025ರ ಏಪ್ರಿಲ್‌ನಲ್ಲಿ 300 ರೂಪಾಯಿಗಿಂತ ಕಡಿಮೆಯ ಬಹಳಷ್ಟು ಸಾಮಾನುಗಳಿಗೆ ಅದನ್ನು ಕೈಬಿಟ್ಟಿತು. ಒಳ್ಳೆಯದೇ. ಆದರೆ ಮೇಲಿನ ಒಂದು ಕಿಲೋ ಲೆಕ್ಕದಲ್ಲಿ ಕಮಿಷನ್ನನ್ನೂ ಅದರ ತೆರಿಗೆಯನ್ನೂ ತೆಗೆದುಹಾಕಿ ನೋಡಿ, ಉಳಿಯುವುದು 22 ರೂಪಾಯಿ ಚಿಲ್ಲರೆ. ಇನ್ನೂ 87 ರೂಪಾಯಿ ಕಡಿತ ಹಾಗೇ ನಿಲ್ಲುತ್ತದೆ. ಕೇಳಬೇಕಾದ ಪ್ರಶ್ನೆ "ಕಮಿಷನ್ ಎಷ್ಟು?" ಎಂದಲ್ಲ, "ಎಲ್ಲಾ ಕಳೆದು ಕೈಗೆಷ್ಟು?" ಎಂದು.

ಮೈನಸ್ ಆದದ್ದು ಹೇಗೆ?

ಈಗ ಮಗ ತೋರಿಸಿದ ಲೆಕ್ಕಕ್ಕೆ ಬರೋಣ. ಒಬ್ಬ ಗ್ರಾಹಕ ಕಾರ್ಡಿನಲ್ಲಿ 1050 ಕಟ್ಟಿ ಐದು ಕಿಲೋ ಚೀಲ ತರಿಸಿದ್ದ. ಮಾಲು ಮುಟ್ಟಿದೆ ಎಂದು ತಾಣವೂ ತೋರಿಸಿತ್ತು, ನಮ್ಮ 738 ರೂಪಾಯಿಯೂ ಬಂದಿತ್ತು. ನಲವತ್ತು ದಿನ ಕಳೆದ ಮೇಲೆ ಆತ ತನ್ನ ಬ್ಯಾಂಕಿಗೆ "ನನಗೆ ಮಾಲು ಬಂದಿಲ್ಲ" ಎಂದು ದೂರು ಕೊಟ್ಟಿದ್ದಾನೆ. ಬ್ಯಾಂಕು ಹಣವನ್ನು ಹೊಳ್ಳಿ ಎಳೆದುಕೊಂಡಿದೆ. ಇದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ.

ಮಾಲು ವಾಪಸ್ ಮಾಡುವುದೇ ಬೇರೆ, ಇದೇ ಬೇರೆ. ವಾಪಸಾತಿಯಲ್ಲಿ ಗ್ರಾಹಕ ತಾಣಕ್ಕೆ ಹೇಳುತ್ತಾನೆ, ಚೀಲ ಹರಿದೋ ಒಡೆದೋ ಹೇಗಾದರೂ ಮನೆಗೆ ಬರುತ್ತದೆ. ಚಾರ್ಜ್‌ಬ್ಯಾಕಿನಲ್ಲಿ ಆತ ನೇರ ತನ್ನ ಬ್ಯಾಂಕಿಗೆ ಹೋಗುತ್ತಾನೆ. ಆತನ ಬ್ಯಾಂಕಿನಿಂದ ಕಾರ್ಡ್ ಕಂಪನಿಗೆ, ಅಲ್ಲಿಂದ ಹಣ ಪಡೆದ ಬ್ಯಾಂಕಿಗೆ, ಅಲ್ಲಿಂದ ಮಾರಾಟ ತಾಣಕ್ಕೆ, ಕೊನೆಗೆ ನಮ್ಮ ತಲೆಗೆ. ಕಾರ್ಡ್ ವ್ಯವಹಾರದಲ್ಲಿ ಬಹಳಷ್ಟು ಕಾರಣಗಳಿಗೆ 120 ದಿನದವರೆಗೂ ಹೀಗೆ ದೂರು ಕೊಡಲು ಅವಕಾಶವಿದೆ. ಅಂದರೆ ತೊಗರಿ ಮಾರಿ, ಆ ರೊಕ್ಕದಲ್ಲಿ ಬೀಜ ಗೊಬ್ಬರ ತಂದು, ಸೋಯಾ ಬಿತ್ತಿದ ಮೇಲೂ ತೊಗರಿಯ ರೊಕ್ಕ ಹೊಳ್ಳಿ ಹೋಗಬಹುದು!

ನಮ್ಮ ಖಾತೆಯಿಂದ ಹೋದದ್ದು: 1050 ಪೂರ್ತಿ, ಜೊತೆಗೆ ವ್ಯಾಜ್ಯ ಶುಲ್ಕ 250, ಅದರ ತೆರಿಗೆ 45. ಕಮಿಷನ್ ಮತ್ತು ಅದರ ತೆರಿಗೆ 99 ರೂಪಾಯಿ ಜಮಾ ಮಾಡಿದರು. ಸಾಗಣೆ, ನಿಗದಿ ಶುಲ್ಕ ಹೋದದ್ದು ಹೋಯಿತು. ನಿವ್ವಳ ಕಡಿತ 1246. ಬಂದಿದ್ದ 738 ಕಳೆದರೆ 508 ರೂಪಾಯಿ ಕೈಯಿಂದ, ಚೀಲದ ಖರ್ಚು 606 ಬೇರೆ. ಒಟ್ಟು ನಷ್ಟ 1114. ಎಂಟಕ್ಕಿಂತ ಹೆಚ್ಚು ಚೀಲಗಳ ಲಾಭ ಒಂದೇ ಏಟಿಗೆ ಹೋಯಿತು.

ಪುರಾವೆ ಕೊಡಲು ಏಳು ದಿನ ಗಡುವಿತ್ತು. ಬಿತ್ತನೆ ಗಡಿಬಿಡಿಯಲ್ಲಿ ನಾವು ಸಂದೇಶ ನೋಡಿದ್ದೇ ಐದನೇ ದಿನ. ಸಾಗಣೆಯವರ ಹತ್ತಿರ ಇದ್ದದ್ದು ಒಂದು ಗೀಚಿದ ಸಹಿ ಮಾತ್ರ. ಸೋತೆವು. ಆ ಗ್ರಾಹಕನಿಗೆ ನಿಜಕ್ಕೂ ಮುಟ್ಟಲಿಲ್ಲವೋ ಏನೋ, ಇವತ್ತಿಗೂ ಗೊತ್ತಿಲ್ಲ. ಆತನನ್ನು ಸುಳ್ಳ ಎನ್ನಲು ನನ್ನ ಬಾಯಿ ಬರುವುದಿಲ್ಲ.

ಗ್ರಾಹಕನ ಹಕ್ಕು ಬೇಕೇ ಬೇಕು

ಇಲ್ಲಿ ಒಂದು ಮಾತು ಹೇಳಲೇಬೇಕು. ಚಾರ್ಜ್‌ಬ್ಯಾಕ್ ಎಂಬುದು ಮೋಸವಲ್ಲ. ನಾಳೆ ನಮ್ಮದೇ ಕಾರ್ಡಿನಿಂದ ಯಾರೋ ಕಳ್ಳ ಹಣ ತೆಗೆದರೆ ನಮ್ಮನ್ನು ಕಾಯುವುದೂ ಇಂಥ ವ್ಯವಸ್ಥೆಯೇ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ, ಹೊರಗಿನವರು ಮಾಡಿದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನ ಮೇಲೆ ಹೊರೆ ಬೀಳಬಾರದು ಎಂದಿತು. ನಮ್ಮ ಮಂದಿಗೂ ಅದು ಬೇಕು.

ಪ್ರಶ್ನೆ ಇರುವುದು ಬೇರೆ ಕಡೆ. ವ್ಯಾಜ್ಯದ ಖರ್ಚನ್ನು ಯಾರು ಹೊರಬೇಕು?

ನಾನು ವಿಚಾರಿಸಿದಂತೆ ತಾಣಗಳು ಇದನ್ನು ಮೂರು ತರಹ ನಡೆಸುತ್ತವೆ. ಒಂದು, ಕದ್ದ ಕಾರ್ಡಿನ ಮೋಸವಾದರೆ ತಾಣವೇ ಹೊರುತ್ತದೆ, ಮಾರುವವನ ತಪ್ಪಿದ್ದರೆ ಮಾತ್ರ ಅವನಿಗೆ ಹಚ್ಚುತ್ತದೆ. ಇಂಥಲ್ಲಿ ಕಮಿಷನ್ ಸ್ವಲ್ಪ ಜಾಸ್ತಿ ಇರಬಹುದು. ಎರಡು, ಕಮಿಷನ್ ಕಡಿಮೆ, ಆದರೆ ಪ್ರತಿ ವ್ಯಾಜ್ಯವನ್ನೂ ಶುಲ್ಕ ಸಮೇತ ಮಾರುವವನ ಮುಂದಿನ ಪಾವತಿಯಲ್ಲಿ ಮುರಿದುಕೊಳ್ಳುವುದು. ನಮ್ಮದು ಈ ಜಾತಿಯದು. ಮೂರು, ಪ್ರತಿ ಮಾರಾಟದಲ್ಲಿ ಒಂದಿಷ್ಟನ್ನು ತಡೆಹಿಡಿದು, ವಾಪಸಿನ ಅವಧಿ ಮುಗಿದ ಮೇಲೆ ಕೊಡುವುದು. ನಾವೇ ಸ್ವಂತ ತಾಣ ಮಾಡಿ ಹಣ ಪಾವತಿ ಕಂಪನಿಯ ಮೂಲಕ ರೊಕ್ಕ ಪಡೆದರೆ ಕಮಿಷನ್ ಉಳಿಯುತ್ತದೆ, ಆದರೆ ಚಾರ್ಜ್‌ಬ್ಯಾಕ್ ಸಾಮಾನ್ಯವಾಗಿ ನೇರ ನಮ್ಮ ಮೇಲೆಯೇ ಬೀಳುತ್ತದೆ.

ಅಡತಿಯವರು ಕಲಿಸಿದ ಪಾಠ

ಈ ಕಥೆಯನ್ನು ನಮ್ಮ ಹಳೆಯ ಅಡತಿಯವರಿಗೆ ಹೇಳಿದೆ. ಅವರು ನಕ್ಕರು.

"ಕಾಕಾ, ನಾ ನಿಮಗ ಅದೇ ದಿನ ರೊಕ್ಕ ಕೊಡ್ತೀನಿ. ಖರೀದಿದಾರ ನನಗ ಹದಿನೈದು ದಿನಕ್ಕ ಕೊಡ್ತಾನ. ಆತ ಕೈ ಎತ್ತಿದ್ರ ನಿಮ್ಮ ಮನಿಗಿ ಬಂದೀನೇನ್ರಿ ಹೊಳ್ಳಿ ಕೇಳಲಿಕ್ಕ?"

ಮಾತು ನಿಜ. ಅಡತಿ ಅಂಗಡಿಯಲ್ಲಿ ನಮಗೆ ನೂರು ತಕರಾರುಗಳಿವೆ. ಕಾನೂನಿನ ಪ್ರಕಾರ ಕರ್ನಾಟಕದಲ್ಲಿ ಕಮಿಷನ್ ಕೊಡಬೇಕಾದವನು ಖರೀದಿದಾರ, ರೈತನಲ್ಲ. ಆದರೂ ಕೆಲವೆಡೆ ರೈತನ ಪಟ್ಟಿಯಲ್ಲೇ ಮುರಿಯುವುದುಂಟು. ಆದರೆ ಒಳ್ಳೆಯ ಅಡತಿ ತನ್ನ ಕಮಿಷನ್ನಿಗೆ ಬದಲಾಗಿ ಉದ್ರಿಯ ಅಪಾಯವನ್ನು ಹೊರುತ್ತಾನೆ. ಆನ್‌ಲೈನ್ ತಾಣಕ್ಕೂ ಇದೇ ಅಳತೆಗೋಲು ಹಿಡಿಯಬೇಕು. ನಮ್ಮಿಂದ ಕಮಿಷನ್ ತೆಗೆದುಕೊಳ್ಳುವವನು ಅಪಾಯದಲ್ಲೂ ಪಾಲು ತೆಗೆದುಕೊಳ್ಳುತ್ತಾನೋ ಇಲ್ಲವೋ? ಇಲ್ಲವಾದರೆ ಆ ಕಮಿಷನ್ ಬರೀ ಜಾಗದ ಬಾಡಿಗೆ. ಬಾಡಿಗೆಯಷ್ಟೇ ಇರಬೇಕು.

ಇನ್ನೊಂದು ಕೊರತೆ. 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳಲ್ಲಿ ಗ್ರಾಹಕನ ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಎಂದು ಬರೆದಿದೆ. ಗ್ರಾಹಕ ಸಹಾಯವಾಣಿ 1915 ಇದೆ. ಮಾರುವ ಸಣ್ಣ ರೈತನಿಗೆ ಇಂಥ ಗಡುವು ಅಲ್ಲಿಲ್ಲ. ಮಾರಾಟಗಾರರ ಜೊತೆಗಿನ ಷರತ್ತುಗಳನ್ನು ತಾಣ ಬರೆದು ಇಡಬೇಕು ಎಂದಷ್ಟೇ ಅದೇ ನಿಯಮ ಹೇಳುತ್ತದೆ. ಆದ್ದರಿಂದ ಆ ಷರತ್ತಿನ ಕಾಗದವೇ ನಮ್ಮ ಕೈಯಲ್ಲಿರುವ ಬಡಿಗೆ. ಓದದೆ ಒಪ್ಪಿಗೆ ಒತ್ತಬಾರದು.

ಈಗ ನಾವು ಮಾಡುತ್ತಿರುವುದು

ಬಾಗಿಲು ಮುಚ್ಚಲಿಲ್ಲ. ಪದ್ಧತಿ ಬದಲಿಸಿದೆವು.

ಚೀಲವನ್ನು ತೂಕದ ಕಾಟದ ಮೇಲಿಟ್ಟು, ಆರ್ಡರ್ ನಂಬರ್ ಕಾಣುವಂತೆ ಫೋಟೋ ತೆಗೆಯುತ್ತೇವೆ. ಬಾಯಿ ಹೊಲಿದು ಸೀಲ್ ಮಾಡುವುದನ್ನು ಅರ್ಧ ನಿಮಿಷ ವಿಡಿಯೋ ಮಾಡುತ್ತೇವೆ. ಆರು ತಿಂಗಳು ಅವನ್ನು ಅಳಿಸುವುದಿಲ್ಲ.

ಓಟಿಪಿ ಕೇಳಿ ಮಾಲು ಕೊಡುವ ಸಾಗಣೆಯನ್ನೇ ಆರಿಸುತ್ತೇವೆ. ಅಂಚೆ ಇಲಾಖೆಯ ಸ್ಪೀಡ್ ಪೋಸ್ಟ್‌ನಲ್ಲೂ 2025ರ ಅಕ್ಟೋಬರ್‌ನಿಂದ ಈ ಸೌಲಭ್ಯ ಬಂದಿದೆ. ಗ್ರಾಹಕನೇ ಹೇಳಿದ ಓಟಿಪಿಗಿಂತ ಗಟ್ಟಿ ಪುರಾವೆ ನಮ್ಮಂಥವರಿಗೆ ಸಿಗುವುದು ಕಷ್ಟ.

ಪ್ರಮಾಣಪತ್ರ ಇಲ್ಲದೆ "ಸಾವಯವ" ಎಂದು ಬರೆಯುವುದಿಲ್ಲ. ಹೇಳಿದ್ದೊಂದು, ಕೊಟ್ಟದ್ದೊಂದು ಎಂಬುದೂ ವ್ಯಾಜ್ಯಕ್ಕೆ ಕಾರಣವಾಗುತ್ತದೆ.

ದಿನಾ ರಾತ್ರಿ ಊಟಕ್ಕೆ ಮೊದಲು ಮಗ ತಾಣದ ಸಂದೇಶ ನೋಡಲೇಬೇಕು. ಬಿತ್ತನೆ ಇರಲಿ, ಜಾತ್ರೆ ಇರಲಿ.

ಬಂದ ರೊಕ್ಕದಲ್ಲಿ ಹತ್ತರಲ್ಲಿ ಒಂದು ಪಾಲನ್ನು ನಾಲ್ಕು ತಿಂಗಳು ಮುಟ್ಟುವುದಿಲ್ಲ. ತಾಣ ತಡೆಹಿಡಿಯುವ ಬದಲು ನಾವೇ ತಡೆಹಿಡಿದಂತೆ.

ಆಮೇಲೆ ಇನ್ನೊಂದು ಚಾರ್ಜ್‌ಬ್ಯಾಕ್ ಬಂತು. ಈ ಸಲ ಮರುದಿನವೇ ಬಿಲ್ಲು, ಫೋಟೋ, ಓಟಿಪಿ ದಾಖಲೆ ಕಳಿಸಿದೆವು. ಮೂರು ವಾರದಲ್ಲಿ ರೊಕ್ಕ ಉಳಿಯಿತು. ಆ ಮನೆಯ ಮಗ ಆರ್ಡರ್ ಮಾಡಿದ್ದು ಕಾರ್ಡಿನ ಒಡೆಯನಾದ ತಂದೆಗೇ ಗೊತ್ತಿರಲಿಲ್ಲವಂತೆ!

ಈಗ ನಮ್ಮ ಬೇಳೆಯಲ್ಲಿ ಅರ್ಧ ಮಾತ್ರ ಆನ್‌ಲೈನ್. ಉಳಿದದ್ದು ಬೀದರ, ಭಾಲ್ಕಿಯ ಪರಿಚಯದ ಮನೆಗಳಿಗೆ ಹತ್ತು ಕಿಲೋ ಚೀಲದಲ್ಲಿ ಹೋಗುತ್ತದೆ. ಅವರಲ್ಲಿ ನಾಲ್ವರು ಮೊದಲು ತಾಣದಿಂದಲೇ ಬಂದವರು. ಆ ಮಟ್ಟಿಗೆ ತಾಣಕ್ಕೆ ಕೊಟ್ಟ ಕಮಿಷನ್ ವ್ಯರ್ಥವಾಗಲಿಲ್ಲ ಎನ್ನುತ್ತೇನೆ.

ಒಬ್ಬೊಬ್ಬರೇ ಷರತ್ತು ಬದಲಿಸಿ ಎಂದರೆ ಯಾರೂ ಕೇಳುವುದಿಲ್ಲ. ನಾಲ್ಕೂರಿನ ರೈತರು ಉತ್ಪಾದಕರ ಕಂಪನಿಯಾಗಿ ಒಟ್ಟಿಗೆ ಹೋದರೆ ವ್ಯಾಜ್ಯ ಶುಲ್ಕದ ಬಗ್ಗೆ ಮಾತಾಡುವ ಬಲ ಬರುತ್ತದೆ, ಒಂದು ಚೀಲದ ನಷ್ಟ ಒಬ್ಬನ ತಲೆ ಮೇಲೆ ಬೀಳುವುದೂ ತಪ್ಪುತ್ತದೆ. ನಮ್ಮ ಕಡೆ ಮಾತುಕತೆ ನಡೆದಿದೆ.

ಆನ್‌ಲೈನ್‌ಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಮೊದಲ ಹತ್ತು ಚೀಲ ಕಳಿಸಿ, ಪಟ್ಟಿ ಬಿಡಿಸಿ ಓದಿ, 120 ದಿನ ಕಾಯಿರಿ. ಆಮೇಲೆ ಲಾಭದ ಮಾತು. ಹೀಗೆ ಮಾರಿ ನೋಡಿದ ಬೇರೆ ರೈತರಿದ್ದರೆ ತಮ್ಮ ಪಟ್ಟಿಯ ಲೆಕ್ಕವನ್ನು ಪತ್ರಿಕೆಗೆ ಬರೆಯಲಿ. ನಾಲ್ಕು ಪಟ್ಟಿ ಪಕ್ಕಪಕ್ಕ ಇಟ್ಟರೆ ಯಾವ ತಾಣ ಎಷ್ಟು ಮುರಿಯುತ್ತದೆ ಎಂಬುದು ನಮಗೆಲ್ಲ ತಿಳಿದೀತು.