ತಲೆಗೆ ಪೆಟ್ಟು, ಕಾಲಿಗೆ ಅಪಾಯ

ಆಟದಲ್ಲಿ ತಲೆಗೆ ಪೆಟ್ಟು ತಿಂದವನು ಕೆಲವು ವಾರಗಳಲ್ಲಿ ಚೇತರಿಸಿಕೊಂಡು ಮತ್ತೆ ಮೈದಾನಕ್ಕಿಳಿಯುತ್ತಾನೆ. ತಲೆನೋವಿಲ್ಲ, ತಲೆಸುತ್ತಿಲ್ಲ. ಆದರೂ ಮುಂದಿನ ತಿಂಗಳುಗಳಲ್ಲಿ ಅವನ ಕಾಲುಗಳಿಗೆ ಗಾಯವಾಗುವ ಸಂಭವ ಇತರರಿಗಿಂತ ಸುಮಾರು ಎರಡರಷ್ಟೆಂದು ಅಧ್ಯಯನಗಳಿಂದ ತಿಳಿದುಬಂದಿದೆ. ತಲೆಗೂ ಕಾಲಿಗೂ ಏನು ಸಂಬಂಧ?

ಚಲಿಸುತ್ತಿದ್ದ ತಲೆಬುರುಡೆ ಥಟ್ಟನೆ ನಿಂತಾಗ ಒಳಗಿನ ಮೃದುವಾದ ಮಿದುಳು ಜಡತ್ವದಿಂದಾಗಿ ಮುಂದೆ ಸರಿಯುತ್ತದೆ. ಅದರ ನರತಂತುಗಳು ಸೆಳೆತಕ್ಕೆ ಸಿಕ್ಕುತ್ತವೆ. ಇದರಿಂದ ಮಿದುಳಿನ ಕೆಲಸ ಏರುಪೇರಾಗುವುದನ್ನೇ ವೈದ್ಯರು ಕನ್‌ಕಷನ್ ಎನ್ನುತ್ತಾರೆ.

ಈಗ ಫುಟ್‌ಬಾಲ್ ಆಟಗಾರನೊಬ್ಬನು ನೆಗೆದು ಒಂಟಿಕಾಲಿನ ಮೇಲೆ ಇಳಿಯುವುದನ್ನು ಭಾವಿಸೋಣ. ಮೊಣಕಾಲಿನ ಎಲುಬುಗಳನ್ನು ಬಿಗಿದಿಡುವ ಅಸ್ಥಿರಜ್ಜು ಹರಿಯುವುದಾದರೆ, ಪಾದವು ನೆಲ ಮುಟ್ಟಿ ಸೆಕೆಂಡಿನ ಸುಮಾರು 1/20 ಭಾಗದೊಳಗೇ ಹರಿಯುತ್ತದೆ. ಕಂಡು, ತಿಳಿದು, ಪ್ರತಿಕ್ರಿಯಿಸಲು ನಮಗೆ ಸುಮಾರು 1/5 ಸೆಕೆಂಡು ಬೇಕು. ಆದುದರಿಂದ ಕಾಲು ನೆಲಕ್ಕೆ ತಾಗುವ ಮೊದಲೇ ಮಿದುಳು ಸ್ನಾಯುಗಳನ್ನು ಸಿದ್ಧಗೊಳಿಸಿರಬೇಕು. ಪೆಟ್ಟು ತಿಂದ ಮಿದುಳಿನಲ್ಲಿ ಈ ಸಿದ್ಧತೆ ತುಸು ಕುಂದುವುದೇ ಗಾಯಕ್ಕೆ ಕಾರಣವಿರಬಹುದೆಂದು ತಜ್ಞರ ಊಹೆ. ಇಂಥವರಿಗೆ ನಡೆಯುತ್ತಲೇ ಮನಸ್ಸಿನಲ್ಲಿ ಲೆಕ್ಕ ಮಾಡಲು ಹೇಳಿದರೆ ನಡಿಗೆ ನಿಧಾನವಾಗುವುದೂ ಕಂಡುಬಂದಿದೆ.

ಟೆಸ್ಟ್ ಕ್ರಿಕೆಟ್ಟಿನಲ್ಲಿ ಇಂಥ ಆಟಗಾರನ ಬದಲಿಗೆ ಇನ್ನೊಬ್ಬನು ಆಡಲು 2019ರಿಂದ ಅವಕಾಶವಿದೆ. ಕಾಲೇಜಿನ ಆಟದಲ್ಲಿಯೂ ಪೆಟ್ಟನ್ನು ಮುಚ್ಚಿಡುವುದು ಶೌರ್ಯವಲ್ಲ. ತಲೆನೋವು ನಿಂತಿತೆಂದ ಮಾತ್ರಕ್ಕೆ ಮಿದುಳು ಮೊದಲಿನಂತಾಯಿತೆಂದು ನಾವು ಎಣಿಸಬಾರದು.