ಪೈಲಟ್ ಪರೀಕ್ಷೆಯ ಹಕ್ಕಿ ಪಾಠ, ನಮ್ಮ ಅಂಗಳದ ಕಸ

ಪಿಯುಸಿ ಸೈನ್ಸ್ ಮುಗಿಸಿದ ಮಕ್ಕಳನ್ನು ಮುಂದೇನು ಅಂತ ಕೇಳಿದರೆ ಡಾಕ್ಟರ್, ಇಂಜಿನಿಯರ್ ಜತೆಗೆ ‘ಪೈಲಟ್’ ಎಂಬ ಉತ್ತರವೂ ಈಗ ನಮ್ಮ ಮನೆಗಳಲ್ಲಿ ಕೇಳಿ ಬರುತ್ತಿದೆ. ಗಂಡು ಮಕ್ಕಳು ಮಾತ್ರವಲ್ಲ, ಹೆಣ್ಣು ಮಕ್ಕಳೂ ಹೇಳುತ್ತಾರೆ. ಖುಷಿಯ ವಿಷಯ. ಆದರೆ ಆ ಪರೀಕ್ಷೆಗೆ ಓದುವ ಮಕ್ಕಳ ಪುಸ್ತಕದಲ್ಲಿ ಒಂದು ಪಾಠವಿದೆ. ಅದನ್ನು ಮಕ್ಕಳಷ್ಟೇ ಓದಿದರೆ ಸಾಲದು, ಮನೆಯವರೂ ಓದಬೇಕು. ಅದು ಹಕ್ಕಿಗಳ ಪಾಠ.

ವಿಮಾನ ಇಳಿಯುವ ಹೊತ್ತಿಗೆ ಕಂಟ್ರೋಲ್ ಟವರ್‌ನಿಂದ ಪೈಲಟ್‌ಗೆ ಒಂದು ಎಚ್ಚರಿಕೆ ಬರುವುದುಂಟು: ‘ರನ್‌ವೇ ಸುತ್ತಮುತ್ತ ಹಕ್ಕಿಗಳಿವೆ.’ ಕೇಳಲು ಸಣ್ಣ ಮಾತು. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ವಿಮಾನಕ್ಕೂ ಇದೇ ಎಚ್ಚರಿಕೆ ಹೋಗಿತ್ತು. ಸುಮಾರು ಒಂದು ನಿಮಿಷದಲ್ಲೇ ಪೈಲಟ್ ‘ಮೇಡೇ’ ಎಂದು ಕೂಗಿದರು. ಚಕ್ರಗಳಿಲ್ಲದೆ ಹೊಟ್ಟೆ ಮೇಲೆ ಇಳಿದ ವಿಮಾನ ರನ್‌ವೇ ದಾಟಿ ಕಾಂಕ್ರೀಟ್ ದಿಬ್ಬಕ್ಕೆ ಬಡಿಯಿತು. 181 ಜನರಲ್ಲಿ ಬದುಕಿದ್ದು ಇಬ್ಬರೇ. ಎರಡೂ ಎಂಜಿನ್‌ಗಳಲ್ಲಿ ಬಾತುಕೋಳಿ ಜಾತಿಯ ವಲಸೆ ಹಕ್ಕಿಗಳ ಗರಿ, ರಕ್ತ ಸಿಕ್ಕಿತು. ಸಾವಿನ ಸಂಖ್ಯೆ ಅಷ್ಟಾಗಲು ಆ ದಿಬ್ಬವೂ ಕಾರಣವೆಂಬ ಮಾತಿದೆ. ಆದರೂ ಸಂಕಟ ಶುರುವಾದದ್ದು ಹಕ್ಕಿಗಳಿಂದ.

ಎಲ್ಲ ಕಥೆಯೂ ಹೀಗೆ ಮುಗಿಯುವುದಿಲ್ಲ. 2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಹೆಬ್ಬಾತುಗಳು ಬಡಿದು ಎರಡೂ ಎಂಜಿನ್ ಕೆಟ್ಟಾಗ ಕ್ಯಾಪ್ಟನ್ ಸಲೆನ್‌ಬರ್ಗರ್ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. 155 ಮಂದಿಯೂ ಬದುಕಿದರು. 2022ರ ಜೂನ್‌ನಲ್ಲಿ ಪಾಟ್ನಾದಿಂದ ದಿಲ್ಲಿಗೆ ಹೊರಟ ವಿಮಾನದ ಎಂಜಿನ್‌ಗೆ ಹಕ್ಕಿ ಬಡಿದು ಬೆಂಕಿ ಕಾಣಿಸಿಕೊಂಡಾಗ ಮಹಿಳಾ ಕ್ಯಾಪ್ಟನ್ ಒಬ್ಬರು ಎಲ್ಲರನ್ನೂ ಸುರಕ್ಷಿತವಾಗಿ ವಾಪಸ್ ಇಳಿಸಿದರು. ನಮ್ಮೂರೇನೂ ಹೊರತಲ್ಲ. 2023ರ ಮೇ ತಿಂಗಳಲ್ಲಿ ಮಂಗಳೂರಿನಿಂದ ದುಬೈಗೆ ಹೊರಟಿದ್ದ ವಿಮಾನಕ್ಕೆ ಹಕ್ಕಿ ಬಡಿದು ಹಾರಾಟ ನಿಲ್ಲಿಸಬೇಕಾಯಿತು.

ಅಷ್ಟು ದೊಡ್ಡ ವಿಮಾನಕ್ಕೆ ಒಂದು ಹಕ್ಕಿ ಏನು ಮಾಡೀತು ಅನ್ನಬೇಡಿ. 800 ಗ್ರಾಂ ತೂಗುವ ಒಂದು ಹದ್ದು, ಗಂಟೆಗೆ 250 ಕಿ.ಮೀ. ವೇಗದ ವಿಮಾನ. ಪಿಯುಸಿ ಫಿಸಿಕ್ಸ್‌ನ ಸೂತ್ರ ಹಾಕಿ ನೋಡಿ. 20 ಕಿಲೋ ಅಕ್ಕಿ ಮೂಟೆಯನ್ನು ಮೂರು ಮಹಡಿ ಎತ್ತರದಿಂದ ಬೀಳಿಸಿದಷ್ಟು ಶಕ್ತಿ. ವೇಗ ಎರಡರಷ್ಟಾದರೆ ಪೆಟ್ಟು ನಾಲ್ಕು ಪಟ್ಟು.

ಪರೀಕ್ಷೆಯಲ್ಲಿ ಏನು ಕೇಳುತ್ತಾರೆ?

ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಡಿಜಿಸಿಎ ನಡೆಸುವ ಪರೀಕ್ಷೆಗಳಲ್ಲಿ ಏರ್ ನೇವಿಗೇಶನ್, ಹವಾಮಾನ, ಏರ್ ರೆಗ್ಯುಲೇಶನ್ಸ್, ಟೆಕ್ನಿಕಲ್ ವಿಷಯಗಳಿವೆ. ಪಾಸಾಗಲು ಪ್ರತಿಯೊಂದರಲ್ಲೂ ಶೇ. 70 ಅಂಕ ಬೇಕು. ರೇಡಿಯೊ ಮಾತುಕತೆಯ ಪರೀಕ್ಷೆ ಬೇರೆ. 200 ಗಂಟೆ ಹಾರಾಟ, ವೈದ್ಯಕೀಯ ತಪಾಸಣೆ, ಹತ್ತಾರು ಲಕ್ಷ ರೂಪಾಯಿ ಖರ್ಚು. ಹಾಗಾಗಿ ಫೀಸ್ ಕಟ್ಟುವ ಮೊದಲೇ ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳುವುದು ಜಾಣತನ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾತ್ಸ್ ಇಲ್ಲದವರು ಎನ್‌ಐಒಎಸ್ ಮೂಲಕ ಆ ಎರಡು ವಿಷಯ ಬರೆಯುವ ದಾರಿಯೂ ಇದೆ.

ಹಕ್ಕಿಯ ವಿಷಯ ಓದುವಾಗ ಉತ್ತರ ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲ. ಯಾಕೆ ಅಂತ ತಿಳಿದುಕೊಳ್ಳಬೇಕು. ಹಾರುವ ಮೊದಲು ‘ನೋಟಮ್’ ಎಂಬ ಸೂಚನೆಗಳನ್ನು ಓದುವುದು, ನಿಲ್ದಾಣದ ರೇಡಿಯೊ ಮಾಹಿತಿಯಲ್ಲಿ ಹಕ್ಕಿಗಳ ಸುದ್ದಿ ಇದೆಯೇ ಎಂದು ಕೇಳುವುದು, ಲ್ಯಾಂಡಿಂಗ್ ಲೈಟ್ ಹಾಕುವುದು ಪೈಲಟ್‌ನ ಕೆಲಸ. ಹಕ್ಕಿ ಬಡಿದರೆ, ಹಾನಿ ಆಗದಿದ್ದರೂ ವರದಿ ಮಾಡಲೇಬೇಕು. ಆ ವರದಿಗಳಿಂದಲೇ ಮುಂದಿನವರಿಗೆ ಎಚ್ಚರಿಕೆ ಕೊಡಲು ಸಾಧ್ಯ. ಹೆಚ್ಚಿನ ಬಡಿತಗಳು ಆಗುವುದು ನೆಲಕ್ಕೆ ಹತ್ತಿರ, ಏರುವಾಗ ಮತ್ತು ಇಳಿಯುವಾಗ. ಮಳೆಗಾಲದಲ್ಲಿ ಹುಲ್ಲಿನಿಂದ ಹುಳ, ಎರೆಹುಳ ಮೇಲೆ ಬರುವುದರಿಂದ ಹಕ್ಕಿ ಕಾಟ ಜಾಸ್ತಿ.

ಇಷ್ಟೆಲ್ಲ ಕಲಿತರೂ ಒಂದು ಸತ್ಯ ಉಳಿಯುತ್ತದೆ. ಇಳಿಯುತ್ತಿರುವ ವಿಮಾನ ಕಾರಿನ ಹಾಗೆ ಬ್ರೇಕ್ ಹಾಕಿ ಪಕ್ಕಕ್ಕೆ ಸರಿಯಲಾರದು. ಎಚ್ಚರಿಕೆ ಸಿಕ್ಕರೂ ಪೈಲಟ್ ಕೈಯಲ್ಲಿರುವುದು ಕೆಲವೇ ಕ್ಷಣ. ಹಕ್ಕಿ ಅಲ್ಲಿಗೆ ಬಾರದಂತೆ ಮಾಡುವ ಕೆಲಸ ನೆಲದ ಮೇಲೆಯೇ ಆಗಬೇಕು.

ಹತ್ತು ಕಿಲೋಮೀಟರ್ ಒಳಗಿನವರು ನಾವು

ಏರ್ ರೆಗ್ಯುಲೇಶನ್ಸ್ ಓದುವ ಮಕ್ಕಳಿಗೆ 1937ರ ವಿಮಾನ ನಿಯಮಗಳ 91ನೇ ನಿಯಮ ಗೊತ್ತಿರುತ್ತದೆ. ವಿಮಾನ ನಿಲ್ದಾಣದ ಸುತ್ತ 10 ಕಿ.ಮೀ. ಒಳಗೆ ಪ್ರಾಣಿ ಕಡಿಯುವುದು, ಚರ್ಮ ಸುಲಿಯುವುದು, ಹಕ್ಕಿಗಳನ್ನು ಸೆಳೆಯುವ ಕಸ ಎಸೆಯುವುದು ನಿಷಿದ್ಧ. ತ್ಯಾಜ್ಯ ವಿಲೇವಾರಿಗೆ ಸರಿಯಾದ ವ್ಯವಸ್ಥೆ ಇದ್ದರೆ ಲಿಖಿತ ಅನುಮತಿ ಕೊಡಲು ಅವಕಾಶವಿದೆ. ಬಜಪೆ, ಜೋಕಟ್ಟೆ, ಕಾವೂರು, ಕೂಳೂರು, ಗುರುಪುರ ಎಲ್ಲವೂ ಈ ವೃತ್ತದೊಳಗೆ. ನಗರದ ಕಸ ಸುರಿಯುವ ಪಚ್ಚನಾಡಿಯೂ ಒಳಗೇ. ಹಾಗಾಗಿ ಮೊದಲ ಹೊಣೆ ಸ್ಥಳೀಯ ಆಡಳಿತದ್ದು, ಅದನ್ನು ಕೇಳುವ ಹಕ್ಕು ನಮಗಿದೆ.

ಬಕ್ರೀದ್ ಬಂದಾಗ ತ್ಯಾಜ್ಯ ಬಯಲಿಗೆ ಎಸೆಯಬೇಡಿ ಎಂದು ದೇಶದ ಹಲವು ವಿಮಾನ ನಿಲ್ದಾಣಗಳು ಮನವಿ ಮಾಡುತ್ತವೆ. ನಮ್ಮ ಕಡೆಗೇ ಬೊಟ್ಟು ಮಾಡ್ತಾರೆ ಅಂತ ಕೆಲವರಿಗೆ ಬೇಜಾರಾಗುವುದುಂಟು. ಆದರೆ ನಿಯಮದಲ್ಲಿ ಯಾವ ಹಬ್ಬದ ಹೆಸರೂ ಇಲ್ಲ. ಅದರಲ್ಲಿ ಇರುವುದು ಹೋಟೆಲ್, ಮಾಂಸದಂಗಡಿ, ಮೀನಿನಂಗಡಿ. ಹದ್ದಿಗೆ ಕುರ್ಬಾನಿಯ ಕರುಳೂ ಒಂದೇ, ಮದುವೆ ಹಾಲ್ ಹಿಂದಿನ ಬಿರಿಯಾನಿ ಮೂಳೆಯೂ ಒಂದೇ, ಗೋಣಿಯಲ್ಲಿ ಕಟ್ಟಿ ಫಲ್ಗುಣಿ ಹೊಳೆ ಬದಿಗೆ ಎಸೆದ ಕೋಳಿ ತ್ಯಾಜ್ಯವೂ ಒಂದೇ.

ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ಹಬ್ಬಕ್ಕೆ ಮೊದಲೇ ಜಮಾಅತ್ ಕಮಿಟಿಯವರು ಪಂಚಾಯತ್ ಅಥವಾ ಪಾಲಿಕೆಯವರನ್ನು ಕಂಡು ಅನುಮತಿ ಇರುವ ಜಾಗ ಯಾವುದು, ತ್ಯಾಜ್ಯದ ಗಾಡಿ ಯಾವಾಗ ಬರುತ್ತದೆ ಎಂದು ಕೇಳಿ ಮೊಹಲ್ಲಾದವರಿಗೆ ತಿಳಿಸಬಹುದು. ಗಾಡಿ ಬರುವವರೆಗೆ ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿಡಬಹುದು. ಅಂಗಡಿಯವರಿಗೂ, ಹಾಲ್‌ನವರಿಗೂ ವರ್ಷವಿಡೀ ಇದೇ ಕ್ರಮ ಇರಲಿ.

ನಮ್ಮ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲಿದ್ದಾರೆ. ದಮಾಮ್‌ನಿಂದಲೋ ದುಬೈಯಿಂದಲೋ ಅವರ ವಿಮಾನ ಇಳಿಯುವುದು ಗುಡ್ಡದ ತುದಿಯ ಇದೇ ರನ್‌ವೇಗೆ. 2010ರ ಮೇ 22ರ ನೋವು ನಮಗೆ ಮರೆತಿಲ್ಲ. ಅದಕ್ಕೆ ಹಕ್ಕಿ ಕಾರಣವಲ್ಲ, ಆದರೆ ಆ ರನ್‌ವೇಯಲ್ಲಿ ಸಣ್ಣ ತಪ್ಪಿಗೂ ಜಾಗ ಎಷ್ಟು ಕಮ್ಮಿ ಅಂತ ಅಂದು ಕಂಡಿದ್ದೇವೆ. ಮನೆಯಲ್ಲಿ ಪೈಲಟ್ ಪರೀಕ್ಷೆಗೆ ಓದುವ ಮಗನೋ ಮಗಳೋ ಇದ್ದರೆ 91ನೇ ನಿಯಮವನ್ನು ಕನ್ನಡದಲ್ಲಿ ಬರೆಸಿ, ಮುಂದಿನ ಜುಮಾ ಆದ ಮೇಲೆ ಮಸೀದಿಯ ನೋಟಿಸ್ ಬೋರ್ಡಿಗೆ ಹಾಕಿಸಿ. ಅವರಿಗೂ ಪಾಠ ನೆನಪಿರುತ್ತದೆ, ಊರಿಗೂ ತಿಳಿಯುತ್ತದೆ.