ದೊಡ್ಡ ಪುಸ್ತಕದ ಮೊದಲ ಪುಟಗಳು

ಹದಿನಾರು ಪುಟದ ಚಿತ್ರಕಥೆಯನ್ನು ಒಂದೇ ಉಸಿರಿಗೆ ಓದಿ ಮುಗಿಸುವ ಏಳೆಂಟು ವರ್ಷದ ಮಗು, ನೂರು ಪುಟದ ಕಾದಂಬರಿಯನ್ನು ಎರಡನೆಯ ಪುಟಕ್ಕೇ ಮುಚ್ಚಿಡುವುದುಂಟು. ಇದನ್ನು ಸೋಮಾರಿತನವೆಂದು ಬಗೆಯುವುದು ಸುಲಭ; ಆದರೆ ಓದುವಾಗ ಮನಸ್ಸು ಹೊರುವ ಹೊರೆಯನ್ನು ಅರಿತರೆ ಆ ಹಿಂಜರಿಕೆ ಸಹಜವೆನಿಸುತ್ತದೆ.

ಓದಿ ಅರ್ಥಮಾಡಿಕೊಳ್ಳುವ ಶಕ್ತಿಯು ಲಿಪಿಯನ್ನು ಬಿಡಿಸುವುದು ಮತ್ತು ಭಾಷೆಯನ್ನು ಗ್ರಹಿಸುವುದು ಎಂಬ ಎರಡು ಸಾಮರ್ಥ್ಯಗಳ ಗುಣಲಬ್ಧ ಎಂದು ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಪ್ರತಿಪಾದಿಸಿದರು. ಎರಡರಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆಯೇ. ಕನ್ನಡದಲ್ಲಿ ಬರಹ ಉಚ್ಚಾರಣೆಗೆ ನಿಕಟವಾಗಿದ್ದರೂ, ಕಾಗುಣಿತ ಮತ್ತು ಒತ್ತಕ್ಷರಗಳು ಸೇರಿ ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು. ಈ ಕಲಿಕೆ ಒಂದನೆಯ ತರಗತಿಯಲ್ಲಿ ಮುಗಿಯದೆ ಪ್ರಾಥಮಿಕ ಶಾಲೆಯ ಹಲವು ವರ್ಷ ಸಾಗುತ್ತದೆಂದು ಮನೋವಿಜ್ಞಾನಿ ಸೊನಾಲಿ ನಾಗ್ ಅವರ ಅಧ್ಯಯನಗಳು ತೋರಿಸಿವೆ.

ಅಕ್ಷರ ಬಿಡಿಸುವುದು ಅನಾಯಾಸವಾಗುವ ತನಕ ಕಾರ್ಯಸ್ಮೃತಿಯ ಬಹುಪಾಲು ಅದಕ್ಕೇ ವ್ಯಯವಾಗುತ್ತದೆ. ಕಾರ್ಯಸ್ಮೃತಿ ಎಂದರೆ ಕೆಲವೇ ಸಂಗತಿಗಳನ್ನು ಕೆಲವೇ ಕ್ಷಣ ಹಿಡಿದಿಟ್ಟುಕೊಂಡು ಬಳಸಬಲ್ಲ ಮನಸ್ಸಿನ ವ್ಯವಸ್ಥೆ. ಇದೇ ವ್ಯವಸ್ಥೆಯ ಮೇಲೆ ಇನ್ನೊಂದು ಹೊರೆಯೂ ಬೀಳುತ್ತದೆ: ಕಥೆಯನ್ನು ಓದುವವರು ವಾಕ್ಯಗಳನ್ನಷ್ಟೇ ನೆನಪಿಡುವುದಿಲ್ಲ; ಯಾರು, ಎಲ್ಲಿ, ಯಾವಾಗ, ಏಕೆ ಎಂಬುದರ ಒಂದು ಒಳಚಿತ್ರವನ್ನು ಕಟ್ಟಿಕೊಳ್ಳುತ್ತಾರೆ. ಟ್ಯೂನ್ ವಾನ್ ಡೈಕ್ ಮತ್ತು ವಾಲ್ಟರ್ ಕಿಂಟ್ಶ್ 1983ರಲ್ಲಿ ಇದನ್ನು ‘ಸನ್ನಿವೇಶ ಮಾದರಿ’ ಎಂದು ಕರೆದರು. ಚಿತ್ರಪುಸ್ತಕದಲ್ಲಿ ಈ ಕೆಲಸದ ಬಹುಭಾಗವನ್ನು ಚಿತ್ರವೇ ಮಾಡಿಕೊಡುತ್ತದೆ. ಕಾದಂಬರಿಯಲ್ಲಿ ಊರು, ಮನೆ, ಪಾತ್ರಗಳು, ಅವರ ನಂಟು ಎಲ್ಲವನ್ನೂ ಬರಿಯ ಪದಗಳಿಂದ ಕಟ್ಟಿಕೊಳ್ಳಬೇಕು. ಅದೂ ಆರಂಭದ ಪುಟಗಳಲ್ಲಿಯೇ.

ಹೀಗಾಗಿ ದೀರ್ಘ ಪುಸ್ತಕದ ಭಾರ ಪುಟಪುಟಕ್ಕೂ ಸಮನಾಗಿ ಹಂಚಿಕೆಯಾಗಿರುವುದಿಲ್ಲ. ತಳಪಾಯ ಹಾಕುವ ಮೊದಲ ಅಧ್ಯಾಯಗಳೇ ಅತ್ಯಂತ ಕಠಿಣ. ಅವು ಮುಗಿದ ಮೇಲೆ ಪಾತ್ರಗಳ ಹೆಸರು, ಸ್ಥಳ, ಲೇಖಕರ ಮೆಚ್ಚಿನ ಪದಗಳು ಮತ್ತೆ ಮತ್ತೆ ಎದುರಾಗಿ ಪರಿಚಿತವಾಗುತ್ತವೆ. ಒಂದು ಪದವನ್ನು ಕೆಲವು ಬಾರಿ ಸರಿಯಾಗಿ ಬಿಡಿಸಿ ಓದಿದರೆ ಅದರ ಲಿಖಿತ ರೂಪ ಮನಸ್ಸಿನಲ್ಲಿ ನೆಲೆಯೂರುತ್ತದೆ ಎಂಬುದು ಡೇವಿಡ್ ಶೇರ್ 1995ರಲ್ಲಿ ವಿವರಿಸಿದ ‘ಸ್ವಬೋಧನೆ’ಯ ತತ್ವ. ಪುಸ್ತಕವೇ ತನ್ನ ಓದುಗನನ್ನು ತರಬೇತುಗೊಳಿಸುತ್ತದೆ.

ಹಿರಿಯರ ನೆರವು ಎಲ್ಲಿ ಸಲ್ಲಬೇಕೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ. ಈ ವಯಸ್ಸಿನಲ್ಲಿ ಕೇಳಿ ಗ್ರಹಿಸುವ ಶಕ್ತಿ ಓದಿ ಗ್ರಹಿಸುವ ಶಕ್ತಿಗಿಂತ ಸಾಕಷ್ಟು ಮುಂದಿರುತ್ತದೆ. ಆದ್ದರಿಂದ ಮೊದಲೆರಡು ಅಧ್ಯಾಯಗಳನ್ನು ಗಟ್ಟಿಯಾಗಿ ಓದಿ ಹೇಳಿದರೆ, ಲಿಪಿಯ ಹೊರೆಯಿಲ್ಲದೆ ಕಥೆಯ ಲೋಕ ಸಿದ್ಧವಾಗುತ್ತದೆ. ಮುಂದಿನ ಪುಟಗಳನ್ನು ಸರದಿಯಂತೆ ಹಂಚಿಕೊಂಡು ಓದಬಹುದು. ಪಂಚತಂತ್ರದಂತೆ ಕಥೆಯೊಳಗೆ ಕಥೆ ಹೆಣೆದ ಕೃತಿಗಳು, ಒಂದೇ ಪಾತ್ರದ ಸರಣಿ ಪುಸ್ತಕಗಳು ಒಳ್ಳೆಯ ಸೇತುವೆ, ಏಕೆಂದರೆ ಅಲ್ಲಿ ಒಮ್ಮೆ ಹಾಕಿದ ತಳಪಾಯ ಹಲವು ಕಥೆಗಳಿಗೆ ಒದಗುತ್ತದೆ.

ಒಬ್ಬ ಮನುಷ್ಯ ನಿಧಾನವಾಗಿ ಬದಲಾಗುವುದನ್ನು, ಇಂದಿನ ಸಣ್ಣ ತಪ್ಪು ಬಹುಕಾಲದ ನಂತರ ಫಲ ಕೊಡುವುದನ್ನು ತೋರಿಸಲು ಕಥೆಗೆ ಉದ್ದ ಬೇಕು. ಆ ಅನುಭವ ಯಾವ ಮಗುವಿಗೂ ಕೈತಪ್ಪಬಾರದು. ಎರಡನೆಯ ಪುಟಕ್ಕೆ ಮುಚ್ಚಿದ ಪುಸ್ತಕ ಮಗುವಿನ ಅಳವಿನ ಕುರಿತ ತೀರ್ಪಲ್ಲ. ಇನ್ನು ಕೆಲವು ಪುಟಗಳವರೆಗೆ ಜೊತೆ ಬೇಕೆಂಬ ಸೂಚನೆಯಷ್ಟೇ.